ಆರರ ಮ್ಯಾಲೊಂದು

“ಏಳು!” ಎಂದು ಕಾಶಿರಾಯ ಮುಕಾದಮ ಕೂಗಿದ್ದೇ ತಡ, ದೋಣಿಯಲ್ಲಿ ಕೂತು ಹುಟ್ಟು ಹಾಕುತ್ತಿದ್ದ ಹತ್ತು ಹಮಾಲರಲ್ಲಿ ನಾಲ್ವರು ದಿಗ್ಗನೆ ಎದ್ದು ನಿಂತರು. ದೋಣಿ ಒಂದು ಮಗ್ಗುಲಿಗೆ ವಾಲಿ ಎಲ್ಲರನ್ನೂ ಕಲಬುರಗಿಯ ಅಪ್ಪನ ಕೆರೆಗೆ ಕೆಡವಿತು. ಪುಣ್ಯಕ್ಕೆ ದಂಡೆಯ ಹತ್ತಿರ ನೀರು ಸೊಂಟದ ಮಟ್ಟಕ್ಕಷ್ಟೇ ಇತ್ತು.

“ಯಾಕ ಎದ್ರೋ?” ಎಂದು ಮುಕಾದಮ ಗದರಿದ.

“ನೀವೇ ಏಳು ಅಂದ್ರಲ್ರಿ!” ಎಂದ ದೌಲಪ್ಪ, ಮೂಗಿನಿಂದ ನೀರು ಸುರಿಸುತ್ತ.

ಅವನದೇನೂ ತಪ್ಪಿರಲಿಲ್ಲ. ಬಗ್ಗಿದ ಬೆನ್ನ ಮೇಲೆ ತೊಗರಿ ಚೀಲ ಬಿದ್ದು, ಹಿಂದಿನಿಂದ ‘ಏಳು’ ಎಂದರೆ ಎದ್ದುಬಿಡುವುದು ಇಪ್ಪತ್ತು ವರ್ಷದ ರೂಢಿ. ಮುಕಾದಮ ಒಂದು, ಎರಡು ಎಂದು ಎಣಿಸುತ್ತಿದ್ದಾನೆಂದು ತಲೆಗೆ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ. ಜಿಲ್ಲಾ ಉತ್ಸವದ ದೋಣಿ ಪಂದ್ಯಕ್ಕೆ ಉಳಿದಿದ್ದದ್ದು ಮೂರೇ ದಿನ.

ದಂಡೆಯ ಮೇಲೆ ನಿಂತಿದ್ದ ಮಲ್ಕಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಈ ಹಮಾಲರು ದುಡಿಯುವ ಕಪನೂರಿನ ಬೇಳೆ ಮಿಲ್ಲಿನಲ್ಲಿ ಲಾರಿಗೆ ಏರುವ ಚೀಲ ಎಣಿಸುವವಳು ಅವಳೇ. ದಿನಾ ಕಮಲಾಪುರದಿಂದ ಬಸ್ಸಿಗೆ ಬರುತ್ತಿದ್ದಳು. ಅವಳ ಎಣಿಕೆಯಲ್ಲಿ ಒಂದಕ್ಕೆ ‘ಲಾಭ’, ಆರಾದ ಮೇಲೆ ‘ಆರರ ಮ್ಯಾಲೊಂದು’, ಆಮೇಲೆ ಎಂಟು. ಕಾಳಿನ ಮುಂದೆ ‘ಏಳು’ ಎಂದರೆ ಲಕ್ಷ್ಮಿ ಎದ್ದು ಹೋಗುತ್ತಾಳೆಂದು ಅವಳ ಅವ್ವ ಕಲಿಸಿದ್ದಳು. ಅವಳು ಎಣಿಸಿದ ಚೀಲವನ್ನು ಗಂಜ್ ಬಜಾರಿನ ವ್ಯಾಪಾರಿಗಳು ಮತ್ತೆ ಎಣಿಸುತ್ತಿರಲಿಲ್ಲ. ಆದರೂ ಮಿಲ್ಲಿನ ಸಣ್ಣ ಸಾಹುಕಾರ ಹೋದ ವಾರ ಚೀಲ ತನ್ನಷ್ಟಕ್ಕೇ ಎಣಿಸುವ ಮಷಿನ್ನು ತಂದು ನಿಲ್ಲಿಸಿದ್ದ. ಸೋಮವಾರದಿಂದ ಮಲ್ಕಮ್ಮನ ಕೈಗೆ ಕಸಬರಿಗೆ ಬರುವುದಿತ್ತು.

“ಮೊಸಳಿ ಮ್ಯಾಲ ನನ್ನ ಕೂಡಸ್ರಿ, ನಾ ಎಣಸ್ತೀನಿ,” ಎಂದಳು. ಹೈದರಾಬಾದಿನಿಂದ ತರಿಸಿದ್ದ ಆ ಉದ್ದನೆಯ ದೋಣಿಗಳಿಗೆ, ಮೂಗಿಗಿಂತ ಮೂಗುತಿ ಭಾರ ಎನ್ನುವಂತೆ, ಮುಂದುಗಡೆ ಡ್ರ್ಯಾಗನ್ ಎಂಬ ಪ್ರಾಣಿಯ ತಲೆ ಕೂರಿಸಿದ್ದರು. ಅದನ್ನು ಯಾರೂ ಕಂಡವರಿರಲಿಲ್ಲವಾಗಿ ಹಮಾಲರು ಮೊಸಳೆಯೆಂದೇ ತೀರ್ಮಾನಿಸಿದ್ದರು.

“ಹೆಣಮಗಳು ಕೂತ್ರ ಮಂದಿ ನಗ್ತಾರ,” ಎಂದ ತಾಲೀಮು ನೋಡಲು ಬಂದಿದ್ದ ಸಣ್ಣ ಸಾಹುಕಾರ.

“ಗಂಡಸ್ರು ನೀರಾಗ ಬಿದ್ರ ನಗೂದಿಲ್ಲೇನ್ರಿ? ಗೆದ್ರ ಮಾತ್ರ ಚೀಲ ಎಣಸೂದು ನನಗಽ ಬಿಡಬೇಕು ನೋಡ್ರಿ.”

“ಮೊದ್ಲ ಗೆದ್ದು ತೋರಸು,” ಎಂದು ಅವನು ಒಪ್ಪಿದ.

ರವಿವಾರ ಕೆರೆಯ ಸುತ್ತ ಕಾಲಿಡಲು ಜಾಗವಿರಲಿಲ್ಲ. ಬ್ಯಾಂಕಿನವರು, ಕಚೇರಿಯವರು ಮುಂಜಾನೆಯೇ ಸೋತು ಮನೆ ಸೇರಿದರು. ಕೊನೆಗೆ ಉಳಿದದ್ದು ಮಿಲ್ಲಿನವರು ಮತ್ತು ಗಂಜ್ ಬಜಾರಿನ ಹಮಾಲರು. ಅವರ ದೋಣಿಯ ಮೂತಿಯ ಬಳಿ ಮುದುಕ ನಬಿಸಾಬ್ ಹಲಗೆ ಬಾರಿಸುತ್ತ ಕೂತಿದ್ದ. ಇತ್ತ ಮಲ್ಕಮ್ಮ ಸೆರಗು ಬಿಗಿದು, ತನ್ನವರಿಗೆ ಎದುರಾಗಿ ಕೂತು, ಎಣ್ಣೆ ಡಬ್ಬಿ ಬಡಿಯುತ್ತ “ಲಾಭ! ಎರಡು! ಮೂರು!” ಎಂದು ಕೂಗುತ್ತಿದ್ದಳು. ಹತ್ತು ಹುಟ್ಟೂ ಒಂದೇ ಸಲ ನೀರಿಗೆ ಬೀಳುತ್ತಿದ್ದವು. ಹುಟ್ಟಿದಾಗಿನಿಂದ ಇದೇ ಕೆಲಸ ಮಾಡಿದವಳ ಹಾಗೆ ಅವಳಿಗೆ ಖುಷಿಯೋ ಖುಷಿ.

ಮುಟ್ಟಬೇಕಾದ ಹಗ್ಗ ಮೂವತ್ತು ಮಾರು ದೂರವಿದ್ದಾಗ ಎರಡೂ ದೋಣಿ ಸರಿಸಮ ಬಂದವು. ಒಬ್ಬ ಹಮಾಲನ ಬದಲಿಗೆ ಮೊದಲ ಸಾಲಿನಲ್ಲಿ ಹುಟ್ಟು ಹಾಕುತ್ತಿದ್ದ ಕಾಶಿರಾಯನಿಗೆ ಥಟ್ಟನೆ ಹೊಳೆಯಿತು: ಅತ್ತ ಕೂತವರೂ ಹಮಾಲರೇ!

“ಮಲ್ಕವ್ವ, ಜೋರಾಗಿ ಆರರ ಮುಂದಿನ ಆ ಮಾತ ಅನ್ನು! ನಾವು ಕುಂತಽ ಇರ್ತೀವಿ, ಅವರು ಎದ್ದು ಬೀಳ್ತಾರ!”

ಪಕ್ಕದ ದೋಣಿಯ ನಬಿಸಾಬನಿಗೂ ಅದು ಕೇಳಿಸಿತು. ಅವನ ಮುಖ ಬಿಳಿಚಿಕೊಂಡಿತು. ಮಾತು ಮಲ್ಕಮ್ಮನ ನಾಲಿಗೆಯ ತುದಿಗೆ ಬಂದಿತ್ತು. ಅವಳಿಗೆ ಆಸೆಯಾಗಲಿಲ್ಲ ಎಂದರೆ ಸುಳ್ಳಾದೀತು.

“ಆರು! ಆರರ ಮ್ಯಾಲೊಂದು! ಎಂಟು!” ಎಂದು ಕೂಗಿ ಡಬ್ಬಿಗೆ ಇನ್ನೂ ಬಲವಾಗಿ ಬಡಿದಳು.

ಎರಡು ಮೂತಿಯೂ ಒಟ್ಟಿಗೇ ಹಗ್ಗ ದಾಟಿದಂತೆ ಕಂಡವು. ಒಬ್ಬ ತೀರ್ಪುಗಾರ ಮಿಲ್ಲು ಎಂದ, ಇನ್ನೊಬ್ಬ ಗಂಜ್ ಎಂದ. ಎರಡೂ ಕಡೆಯ ಹಮಾಲರು ದಂಡೆಗೆ ಹತ್ತಿ ತೋಳೇರಿಸಿದರು. ಆಗ ನಬಿಸಾಬ್ ಕೈಯೆತ್ತಿದ.

“ಜಗಳ ಯಾಕ್ರಪ್ಪ? ಅಕ್ಕಾರು ನನ್ನ ಬಾಜೂಕಽ ಕೂತಿದ್ರು. ಅವರು ಏನ್ ಹೇಳ್ತಾರ ಅದಽ ಖರೆ. ನಮ್ಮ ಮಂದಿ ಒಪ್ತಾರ.”

ತೀರ್ಪುಗಾರರಿಗೂ ಅಷ್ಟೇ ಬೇಕಾಗಿತ್ತು. ಎಲ್ಲರೂ ಮಲ್ಕಮ್ಮನತ್ತ ತಿರುಗಿದರು. ಸಣ್ಣ ಸಾಹುಕಾರ ದೂರದಿಂದಲೇ ಕಣ್ಣು ಹೊಡೆದ. ಅವಳು ಹೆಬ್ಬೆರಳಿಂದ ಕಿರುಬೆರಳಿನವರೆಗೆ ಕೈ ಚಾಚಿ ತೋರಿಸಿದಳು.

“ಇಷ್ಟು. ಒಂದು ಗೇಣು. ಅವರಽ ಮುಂದ.”

ಗಂಜ್‌ನವರ ಕೇಕೆ ಮುಗಿಲು ಮುಟ್ಟಿತು. ಕಾಶಿರಾಯ ಹಣೆ ಹಣೆ ಬಡಿದುಕೊಂಡ. ಸಣ್ಣ ಸಾಹುಕಾರ ದಾಪುಗಾಲು ಹಾಕುತ್ತ ಬಂದ.

“ಒಂದು ಗೇಣು ಸುಳ್ಳು ಹೇಳಿದ್ರ ನಿನ್ನ ಕೆಲಸ ಉಳೀತಿತ್ತಲ್ಲ, ಮಲ್ಕಮ್ಮ?”

“ಉಳೀತಿತ್ರಿ ಸಾವಕಾರ್ರ,” ಎಂದಳು ಅವಳು, ಒದ್ದೆ ಸೆರಗು ಹಿಂಡುತ್ತ. “ಆದ್ರ ನಾಳಿ ನಾ ನೂರು ಚೀಲ ಅಂದ್ರ ನೂರಽ ಅಂತ ಅವರು ಹ್ಯಾಂಗ ನಂಬ್ತಿದ್ರು?”

ಅವಳು ಗದ್ದ ಎತ್ತಿ ತೋರಿಸಿದ ಕಡೆ ಸಾಹುಕಾರ ನೋಡಿದ. ಅವನ ಬೇಳೆ ಕೊಳ್ಳುವ ವ್ಯಾಪಾರಿಗಳೆಲ್ಲ ಅಲ್ಲಿ ಸಾಲಾಗಿ ಕೂತಿದ್ದರು. ಗೆದ್ದವರು ಕುಣಿಯುತ್ತಿದ್ದದ್ದು ಅತ್ತ. ವ್ಯಾಪಾರಿಗಳ ಕಣ್ಣೆಲ್ಲ ಇತ್ತ, ಮಲ್ಕಮ್ಮನ ಮೇಲೆ.