ಅವ್ವ ಸಾಲಿಗೆ ಬಂದದ್ದು

ಸಗಣಿ ಸಾರಿಸಿದ ಹಸಿ ನೆಲದ ಸ್ಮೆಲ್ ಬಂದರೆ ಈಗಲೂ ನನ್ನ ಕಣ್ಣು ಅವ್ವನನ್ನು ಹುಡುಕುತ್ತದೆ.

ನಾನಿನ್ನೂ ಕಾನ್ವೆಂಟ್ ಸೇರಿರಲಿಲ್ಲ. ಮಣ್ಣೂರಿನ ಶಾಲೆಯಲ್ಲಿ ನಾನೊಬ್ಬಳೇ ಹುಡುಗಿ. "ಹೆಣ್ಣಿಗಿ ಇಷ್ಟು ಓದು ಸಾಕು, ಬಿಡಸು" ಎಂದು ಅಜ್ಜ ದಿನವೂ ಅಪ್ಪನ ಬೆನ್ನುಹತ್ತಿದ್ದ. ಹೆಂಗಸರು ಶಾಲೆಯ ಕಡೆ ಸುಳಿಯುತ್ತಿರಲಿಲ್ಲ. ಸಾರಿಸಲು ಬಂದವರನ್ನು ಮಾತ್ರ ಯಾರೂ ತಡೆಯುತ್ತಿರಲಿಲ್ಲ. ಒಂದು ಮಧ್ಯಾಹ್ನ ಅವ್ವ ಸಗಣಿ ಬುಟ್ಟಿ ಹೊತ್ತು ಬಂದಳು.

"ನೀವ್ಯಾಕ್ರಿ ಅವ್ವಾರ? ಹುಡುಗ್ರು ಸಾರಸ್ತಾರ" ಎಂದರು ಮಾಸ್ತರು.

"ಮಗಳು ಹ್ಯಾಂಗ ಓದ್ತಾಳ, ಕೇಳಬೇಕ್ರಿ. ಮನ್ಯಾಗ ಮಾವನವರಿಗಿ ಹೇಳಬೇಕು."

ಒಳಗೆ ನಾನು ಗಟ್ಟಿಯಾಗಿ ಓದಿದೆ. ಹೊರಗೆ ಪಡಸಾಲೆಯಲ್ಲಿ ಅವ್ವನ ಬಳೆಗಳ ಸದ್ದು ಸ್ಲೋ ಆಗುತ್ತ ನಿಂತೇಹೋಯಿತು. ಪಾಠ ಮುಗಿದಾಗ ಒಂದು ಮೂಲೆ ಹಾಗೇ ಉಳಿದಿತ್ತು.

"ಆ ಮೂಲಿ ಬಿಟ್ಟೀರಲ್ರಿ?" ಎಂದರು ಮಾಸ್ತರು.

ಅವ್ವ ಸೆರಗು ಎಳೆದುಕೊಂಡು ಬುಟ್ಟಿ ಎತ್ತಿದಳು. "ಅದು ನಾಳಿಗ್ರಿ. ನಾಳಿನೂ ಇಕಿ ಸಾಲಿಗಿ ಬರ್ತಾಳಲ್ರಿ."