ತುಂಬಿದ ಬಟ್ಟಲು

"ಮತ್ತೆ ಬಂದ್ಯಾ ಮಗಳೇ? ಬೆಳಿಗ್ಗೆ ನೀನು ನೋಡಿ ಹೋದೆ. ನಿನ್ನ ಹಿಂದೇನೇ ಆ ಹುಡುಗ ಡಾಕ್ಟ್ರು ಬಂದು ಇನ್ನೊಂದ್ಸಲ ನೋಡಿದ್ನಲ್ಲ!" ಗೊಣಗುತ್ತಲೇ ಹಮ್ರೊಕುಲ್ ಅಜ್ಜ ಅಂಗಿ ಎತ್ತಿದ.

ಸ್ಟೆತಾಸ್ಕೋಪ್ ಹಿಡಿದ ಮುಬೋರಕ್‌ಳ ಕೈ ಅಲ್ಲೇ ನಿಂತಿತು. "ಯಾರು, ಇಲ್ಹೋಮಾ?"

"ಅವನೇ. ದಿನಾ ನೀನು ಆಚೆ ಹೋಗೋದನ್ನೇ ಕಾಯ್ತಿರ್ತಾನೆ. ನೀನು 'ಎದೆ ಚೆನ್ನಾಗಿದೆ' ಅಂದೆ. ಅವನು ಮುಖ ಹುಳ್ಳಗೆ ಮಾಡ್ಕೊಂಡು ಔಷಧಿ ಬದಲಾಯಿಸ್ದ. ನಿಂಗೆ ಹೇಳ್ಬೇಡ ಅಂತ ಕೈಗೊಂದು ದಾಳಿಂಬೆ ಬೇರೆ ಇಟ್ಟ. ಹಣ್ಣು ತಿಂದಾಯ್ತು, ಅದಕ್ಕೇ ಹೇಳ್ತಿದೀನಿ."

ಮುಬೋರಕ್ ಮಂಚದ ತುದಿಯಲ್ಲಿ ಕುಸಿದು ಕುಳಿತಳು. ರಕ್ತದ ರಸಾಯನದಲ್ಲಿ ಡಾಕ್ಟರೇಟ್ ಪಡೆದು, ಸಮರ್ಕಂದದ ವೈದ್ಯ ವಿದ್ಯಾರ್ಥಿಗಳಿಗೆ ವರ್ಷಗಟ್ಟಲೆ ಪಾಠ ಹೇಳಿದವಳು ಅವಳು. ತಾಯಿ ಆಸ್ಪತ್ರೆಯಲ್ಲಿ ಮಲಗಿದಾಗ, ತನಗೆ ಗೊತ್ತಿರುವುದು ಗಾಜಿನ ಕೊಳವೆಯ ರಕ್ತವೇ ಹೊರತು ಮನುಷ್ಯರಲ್ಲ ಎನ್ನಿಸಿ, ಕೆಲಸ ಬಿಟ್ಟು ಮಕ್ಕಳ ವಯಸ್ಸಿನವರ ಜೊತೆ ಬೆಂಚಿನಲ್ಲಿ ಕೂತು ವೈದ್ಯಕೀಯ ಓದಿದಳು. ಈಗ ನರೆಗೂದಲಿನ ತರಬೇತಿ ವೈದ್ಯೆ. ವಾರ್ಡಿನ ಮುಖ್ಯಸ್ಥ ಇಲ್ಹೋಮ್ ಅವಳ ಹಳೆಯ ಶಿಷ್ಯ. ಸುತ್ತು ಬರುವಾಗ ಉಳಿದ ತರಬೇತಿಯವರ ಚರ್ಮ ಸುಲಿಯುವವನು, ಅವಳ ಸರದಿ ಬಂದರೆ "ಉಸ್ತೋಜ್‌ಗೆ ಗೊತ್ತಿರುತ್ತೆ" ಎಂದು ಮುಂದೆ ನಡೆಯುತ್ತಿದ್ದ. ಗುರುವೆಂಬ ಆ ಗೌರವವನ್ನು ಅವಳು ತನ್ನ ಪುಣ್ಯವೆಂದುಕೊಂಡಿದ್ದಳು.

ಅವನ ಕೋಣೆಗೆ ಹೋದಾಗ ಇಲ್ಹೋಮ್ ಎಂದಿನಂತೆ ಎದ್ದು ನಿಂತು ಹಸಿರು ಚಹಾ ಬಗ್ಗಿಸಿದ, ಅರ್ಧ ಬಟ್ಟಲು ಮಾತ್ರ. ಅಲ್ಲಿನ ವಾಡಿಕೆಯಂತೆ ಬೇಕಾದ ಅತಿಥಿಗೆ ಅರ್ಧವೇ ಕೊಟ್ಟು ಮತ್ತೆ ಮತ್ತೆ ಬಗ್ಗಿಸಬೇಕು. ತುಂಬಿಸಿ ಕೊಟ್ಟರೆ ಕುಡಿದು ಎದ್ದು ಹೋಗು ಎಂದು ಅರ್ಥ.

"ನನ್ನ ರೋಗಿಗಳನ್ನೆಲ್ಲ ನೀನು ಮತ್ತೊಂದ್ಸಲ ನೋಡ್ತೀಯಂತೆ."

ಅವನ ಕಿವಿ ಕೆಂಪಾಯಿತು. "ಆ ಮುದುಕನಿಗೆ ದಾಳಿಂಬೆ ಕೊಟ್ಟಿದ್ದೆ."

"ತಿಂದು ಅರಗಿಸ್ಕೊಂಡ. ನಂಗ್ಯಾಕೆ ಹೇಳ್ಲಿಲ್ಲ?"

"ಗುರುಗಳಿಗೆ ತಪ್ಪು ಅನ್ನೋದಾ? ಗೊತ್ತಾದ್ರೆ ನಮ್ಮಮ್ಮ ಮನೆಗೆ ಸೇರಿಸ್ತಾಳಾ?"

"ನಿನ್ನನ್ನ ನಾನು ಎಲ್ಲರ ಮುಂದೆ ನಿಲ್ಲಿಸಿ ಬೈದಿಲ್ವಾ? ಫೇಲ್ ಮಾಡ್ಲಿಲ್ವಾ?"

"ಮಾಡಿದ್ರಿ. ವರ್ಷಪೂರ್ತಿ ನಿಮಗೆ ಶಾಪ ಹಾಕಿದೀನಿ."

"ಕಲಿತ್ಯೋ ಇಲ್ವೋ?"

ಅವನು ತಲೆ ತಗ್ಗಿಸಿದ. ಮುಬೋರಕ್‌ಗೆ ಅಳು ಬಂತು, ಮುಚ್ಚಿಡಲು ತ್ರಾಣವಿರಲಿಲ್ಲ. "ಸಾಕಾಗಿದೆ ಕಣಪ್ಪ. ಈ ಮರ್ಯಾದೆ ಹೊತ್ತು ಹೊತ್ತು ಬೆನ್ನು ಬಿದ್ದೋಗಿದೆ. ಮುಂದಿನ ತಿಂಗಳು ನನ್ನನ್ನ ಬೆಟ್ಟದ ಹಳ್ಳಿಗೆ ಹಾಕ್ತಾರೆ. ನಾನೊಬ್ಬಳೇ ಡಾಕ್ಟ್ರು. ಅಲ್ಲಿ ನನ್ನ ಹಿಂದೆ ಯಾರು ಬರ್ತಾರೆ, ಇಲ್ಹೋಮ್?"

ಮರುದಿನ ಬೆಳಿಗ್ಗೆ ಎಲ್ಲರೂ ಹಮ್ರೊಕುಲ್ ಅಜ್ಜನ ಮಂಚದ ಸುತ್ತ ನಿಂತರು. ಇಲ್ಹೋಮ್ ಗಂಟಲು ಸರಿಮಾಡಿಕೊಂಡ. "ಉಸ್ತೋಜ್, ನೀವು ನೋಡಿ. ಏನು ಕೇಳಿಸ್ತಿದೆ?"

ಔಷಧಿ ಬದಲಾಗಿದೆ ಎಂದರೆ ಎದೆಯಲ್ಲಿ ಏನೋ ಇದೆಯೆಂದು ಗೊತ್ತಿದ್ದರೂ, ಕೇಳಿಸಿತೆಂದು ಅವಳು ಸುಳ್ಳು ಹೇಳಲಿಲ್ಲ. "ಏನೂ ಕೇಳಿಸ್ತಿಲ್ಲ."

"ತಪ್ಪು. ಇಟ್ಟ ಜಾಗಾನೇ ತಪ್ಪು. ಬೆನ್ನಲ್ಲಿ, ಇನ್ನೂ ಕೆಳಗೆ. ಕೇಳಿಸೋವರೆಗೆ ಎದ್ದೇಳ್ಬೇಡಿ."

ಹುಡುಗರೆಲ್ಲ ನೆಲ ನೋಡಿದರು. ಅಜ್ಜ ಮಾತ್ರ ಉರಿದುಬಿದ್ದ. "ಏಯ್! ಗುರುವಿಗೆ ಹೀಗಾ ಮಾತಾಡೋದು? ನಾಚಿಕೆ ಆಗಲ್ವಾ ನಿಂಗೆ?"

"ಅಜ್ಜ, ಬಾಯಿ ಮುಚ್ಕೊಂಡು ಉಸಿರೆಳಿ," ಎಂದಳು ಮುಬೋರಕ್. ಮೊಣಕಾಲು ನೋಯುತ್ತಿತ್ತು. ಇನ್ನಷ್ಟು ಬಗ್ಗಿದಳು. ಕೊನೆಗೆ ಕೇಳಿಸಿತು: ಕಾದ ಹಂಚಿನ ಮೇಲೆ ಉಪ್ಪು ಸಿಡಿದಂತೆ, ಸಣ್ಣಗೆ.

ಸುತ್ತು ಮುಗಿದು ಚಹಾ ಬಂತು. ಇಲ್ಹೋಮ್ ಅವಳ ಬಟ್ಟಲಿಗೆ ಬಗ್ಗಿಸಿದ. ಅರ್ಧಕ್ಕೆ ಅಭ್ಯಾಸದ ಕೈ ತಾನಾಗಿ ನಿಂತಿತು. ಒಂದು ಕ್ಷಣ ಅವಳ ಮುಖ ನೋಡಿದ. ಮತ್ತೆ ಬಗ್ಗಿಸಿ ಅಂಚಿನವರೆಗೂ ತುಂಬಿಸಿದ. ಚಹಾ ತಟ್ಟೆಗೂ ಚೆಲ್ಲಿತು.

ಬೆರಳು ಸುಡುತ್ತಿದ್ದರೂ ಮುಬೋರಕ್ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ನಿಂತೇ ಕುಡಿದು, ವಾರ್ಡಿಗೆ ನಡೆದಳು.