ಚಾಲಕನ ಕಿಂಡಿ

"ಇನ್ನೂ ತಿದ್ದಿಲ್ವಾ ಇರ್ಮಾ?" ಮುಖ್ಯ ವಿನ್ಯಾಸಕ ಬ್ರಾಂಟ್ ಮೇಜು ಕುಟ್ಟಿದರು. "ಬೆಳಿಗ್ಗೆಯೇ ಹೇಳಿದ್ನಲ್ಲ, ಕಿಂಡಿ ಐದು ಸೆಂಟಿಮೀಟರ್ ಕಿರಿದಾಗ್ಬೇಕು. ಬರ್ಲಿನ್ನಿನ ಸೇನಾ ಕಚೇರಿಯವರಿಗೆ ಇನ್ನೂ ದಪ್ಪ ಉಕ್ಕು ಬೇಕಂತೆ. ಹೋದ ವಾರ ಉದ್ದ ಫಿರಂಗಿ ಬೇಕಿತ್ತು. ನಾಳೆ ಟ್ಯಾಂಕಿಗೆ ರೆಕ್ಕೆ ಕೇಳ್ತಾರೆ!"

ಚಾಲಕ ಹೊರಬರುವ ಆ ಕಿಂಡಿಯನ್ನು ಇರ್ಮಾ ಈವರೆಗೆ ಏಳು ಸಲ ಬ್ಲೇಡಿನಿಂದ ಕೆರೆದು ಮತ್ತೆ ಬರೆದಿದ್ದಳು; ಇವತ್ತಿನ ಅಳತೆಯನ್ನು ಮಾತ್ರ ಇನ್ನೂ ಹಾಕಿರಲಿಲ್ಲ. ನಕ್ಷೆ ಬರೆದಿದ್ದ ಬಟ್ಟೆ ಅಲ್ಲಿ ಸವೆದು ತೆಳ್ಳಗಾಗಿತ್ತು. "ಬೆಂಕಿ ಹತ್ತಿದರೆ ಅವನು ಹೊರಗೆ ಬರೋದು ಹೇಗೆ ಸಾರ್? ನನ್ನ ತಮ್ಮನೂ ಟ್ಯಾಂಕ್ ಓಡಿಸ್ತಾನೆ."

"ನೀನೂ ಶುರು ಹಚ್ಕೊಂಡ್ಯಾ ತಾಯಿ? ಬರ್ತಾನೆ ಬಿಡು. ಈ ಹೊಟ್ಟೆ ಹೊತ್ಕೊಂಡು ನಾನೇ ಬರ್ತೀನಿ."

ಹೊಸ ಅಳತೆಗೆ ಬಡಗಿಯಿಂದ ಕೊಯ್ಯಿಸಿದ್ದ ಹಲಗೆಯ ಚೌಕಟ್ಟನ್ನು ಅವಳು ಎತ್ತಿ ಹಿಡಿದಳು. ಬ್ರಾಂಟ್ ಗೊಣಗುತ್ತ, ಚಳಿಗೆ ತೊಟ್ಟಿದ್ದ ಓವರ್‌ಕೋಟಿನಲ್ಲೇ ಅದರೊಳಗೆ ತಲೆ ತೂರಿಸಿದರು. ಒಂದು ಕೈ ಆಚೆ ಬಂತು. ಇನ್ನೊಂದು ಭುಜ ಸಿಕ್ಕಿಕೊಂಡಿತು. ಅವರು ಹಿಂದಕ್ಕೂ ಬರಲಾರದೆ, ಮುಂದಕ್ಕೂ ಹೋಗಲಾರದೆ ಏದುಸಿರು ಬಿಟ್ಟರು.

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು.

"ಬರ್ಲಿನ್ ಇರ್ಬೇಕು ಸಾರ್. ಕೊಡ್ಲಾ?"

"ಅರಚಿಕೊಳ್ಳಲಿ ಬಿಡು. ಆ ನಕ್ಷೆ ತಾ."

ಆಚೆ ಬಂದಿದ್ದ ಕೈಯಿಂದಲೇ ಅವರು ಹಳೆಯ ಅಳತೆಯ ಕೆಳಗೆ ಸೊಟ್ಟಗೆ ಸಹಿ ಹಾಕಿದರು.

"ಈಗ ನನ್ನನ್ನ ಬಿಡಿಸು."